ಕಡಲ ತೀರದಲ್ಲಿ ಮದುವೆ, ಎರಡು ಮನೆಯ ಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಸೀಮೆಯಲ್ಲಿ ಮದುವೆ ವ್ಯವಸ್ಥೆಯ ಕೆಲಸ ಮಾಡುವ ನನಗೆ ಫೋನಿನಲ್ಲಿ, ಮೆಸೇಜಿನಲ್ಲಿ, ಊಟದ ಪಂಕ್ತಿಯಲ್ಲೂ ಎದುರಾಗುವ ಪ್ರಶ್ನೆಗಳಿವು. ಕೇಳುವವರಲ್ಲಿ ಹೆಚ್ಚಿನವರದು ಒಂದೇ ಬಗೆಯ ಜೋಡಿ. ಒಂದು ಮನೆ ಮಂಡ್ಯ, ಮೈಸೂರು, ಹಾಸನ ಕಡೆಯ ಹಿಂದೂಗಳದು, ಇನ್ನೊಂದು ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕೆಥೊಲಿಕರದು. ಉತ್ತರಗಳನ್ನು ಅವರನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

## ಮೊದಲ ಫೋನಿನಲ್ಲೇ ಬರುವವು

ಯಾವ ತಿಂಗಳಲ್ಲಿ ಇಟ್ಕೊಂಡ್ರೆ ಒಳ್ಳೇದು? ಡಿಸೆಂಬರ್ ರಜೆ ಇರುತ್ತಲ್ಲ?

ಎಲ್ಲರೂ ಡಿಸೆಂಬರ್ ಅಂತಲೇ ಶುರುಮಾಡುತ್ತಾರೆ. ಹವೆ ಚೆನ್ನಾಗಿರುವುದು ನಿಜ, ಆದರೆ ಎರಡೂ ಮನೆಯ ಪಂಚಾಂಗ ಅಲ್ಲಿ ಬಾಗಿಲು ಹಾಕಿರುತ್ತದೆ. ಕ್ರಿಸ್ಮಸ್ಸಿಗೆ ಮೊದಲ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕೆಥೊಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಪುರೋಹಿತರು ಮುಹೂರ್ತ ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆ ಮಾತೇ ಬೇಡ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ ಇನ್ನೂ ಹೋಗಿರುವುದಿಲ್ಲ.

ಇಬ್ಬರಿಗೂ ಹೊಂದುವುದು ಸಂಕ್ರಾಂತಿ ಕಳೆದ ಮೇಲೆ, ಬೂದಿ ಬುಧವಾರ ಬರುವುದರೊಳಗೆ. ಬೂದಿ ಬುಧವಾರ ಅಂದರೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ, ಅದು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ 10ಕ್ಕೇ ಬರುವುದರಿಂದ ನಾಲ್ಕು ವಾರವೂ ಸಿಗುವುದಿಲ್ಲ. 2028ರಲ್ಲಿ ಮಾರ್ಚ್ 1, ಆರೂವರೆ ವಾರ ಸಿಗುತ್ತದೆ. ತುಳಸಿ ಪೂಜೆ ಮುಗಿದು ಆಗಮನ ಕಾಲ ಶುರುವಾಗುವ ನಡುವೆ ನವೆಂಬರಿನಲ್ಲಿ ಇನ್ನೊಂದು ಚಿಕ್ಕ ಸಂದಿ ಇದೆ, ಕೆಲವು ವರ್ಷ ಅದು ವಾರದಷ್ಟೇ. ಪುರೋಹಿತರ ಬಳಿ ಹೋಗುವಾಗ ಚರ್ಚಿನ ಕ್ಯಾಲೆಂಡರನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದು ಕಡೆ ದಿನ ಗೊತ್ತುಮಾಡಿ ಇನ್ನೊಂದು ಕಡೆಗೆ ತಿಳಿಸಿದರೆ ಮೊದಲ ಮುನಿಸು ಅಲ್ಲೇ ಹುಟ್ಟುತ್ತದೆ.

ಯಾವ ಬೀಚು? ಗೋಕರ್ಣನಾ, ಮಲ್ಪೆನಾ?

ನೆಂಟರು ಹೇಗೆ ಬರುತ್ತಾರೆ ಅನ್ನುವುದನ್ನು ಮೊದಲು ನೋಡಿ. ಗೋಕರ್ಣದ ಓಂ ಬೀಚು ಚಿತ್ರದಲ್ಲಿ ಚಂದ, ಎಪ್ಪತ್ತೈದರ ಅಜ್ಜಿಯನ್ನು ಆ ಮೆಟ್ಟಿಲಲ್ಲಿ ಇಳಿಸುವುದು ಯಾರು? ಮಲ್ಪೆಯಲ್ಲಿ ವಾರಾಂತ್ಯಕ್ಕೆ ಜಾತ್ರೆಯ ಜನ. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಎರಡೂ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ತೀರಕ್ಕೆ ಕೊಡುವ ಮನ್ನಣೆ, ಪಡೆದ ತೀರಗಳು, ಸ್ವಚ್ಛವಾಗಿವೆ, ಅದಕ್ಕೆ ತಕ್ಕಂತೆ ನಿಯಮವೂ ಬಿಗಿ. ಉಳ್ಳಾಲದ ಸೋಮೇಶ್ವರದ ಬಂಡೆಗಳ ಬಳಿ ಮಕ್ಕಳಿರುವ ಮದುವೆಯನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಫೋಟೋಕ್ಕೆ ಅದಕ್ಕಿಂತ ಬೇಕಿಲ್ಲ, ಆದರೆ ಲಾರಿ ಹಾರ್ನಿನ ನಡುವೆ ಮಂತ್ರವೂ ಕೇಳಿಸದು, ಪ್ರಾರ್ಥನೆಯೂ ಕೇಳಿಸದು.

ನನ್ನ ಆಯ್ಕೆ ಕಾಪುವಿನಿಂದ ಪಡುಕೆರೆವರೆಗಿನ ಪಟ್ಟಿ. ಉಡುಪಿ ರೈಲು ನಿಲ್ದಾಣ ಹತ್ತಿರ, ಮಂಗಳೂರು ವಿಮಾನ ನಿಲ್ದಾಣವೂ ದೂರವಲ್ಲ, ಚರ್ಚುಗಳಿಗೆ ಬರವಿಲ್ಲ. ಬೆಂಗಳೂರಿನ ನೆಂಟರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ರೈಲು ಟಿಕೆಟ್ಟು ತೆರೆಯುವುದು ಈಗ 60 ದಿನ ಮೊದಲು. ಆ ದಿನ ಬೆಳಿಗ್ಗೆ ಎಂಟಕ್ಕೆ ಮನೆಯ ಹುಡುಗರನ್ನು ಮೊಬೈಲ್ ಹಿಡಿದು ಕೂರಿಸಿ.

ಬೀಚ್ ಎಲ್ಲರದ್ದು ತಾನೆ, ಪರ್ಮಿಷನ್ ಯಾಕೆ?

ಎಲ್ಲರದೂ ಆಗಿರುವುದಕ್ಕೇ ಬೇಕು. ರೆಸಾರ್ಟಿನವರು ‘ನಮ್ಮ ಪ್ರೈವೇಟ್ ಬೀಚ್’ ಅನ್ನುತ್ತಾರೆ. ಅವರದು ಗೇಟಿನ ಒಳಗಿನ ಜಾಗ, ಅಲೆ ಬಡಿಯುವ ಮರಳಲ್ಲ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ, ಕಾಂಕ್ರೀಟು ಹಾಕುವಂಥ ಯಾವ ಕೆಲಸಕ್ಕೂ ಅಲ್ಲಿ ಕೈ ಹಾಕಬೇಡಿ. ಚಪ್ಪರ ಬಿಚ್ಚಿ ಒಯ್ಯುವಂಥದ್ದಾಗಿರಲಿ. ಪಂಚಾಯಿತಿ ಅಥವಾ ನಗರಸಭೆ, ಜಿಲ್ಲಾಡಳಿತ, ಪೊಲೀಸ್ ಠಾಣೆ, ಈ ಮೂರೂ ಕಡೆ ಬರಹದಲ್ಲಿ ಅನುಮತಿ ಕೇಳಿ. ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ಜೋಡಿಗೆ ಶುಭ ಹಾರೈಸಿ ಗ್ಲಾಸು ಎತ್ತುವ ಟೋಸ್ಟಿಗೆ ವೈನ್ ಇದ್ದರೆ ಅಬಕಾರಿ ಇಲಾಖೆಯ ತಾತ್ಕಾಲಿಕ ಲೈಸೆನ್ಸು ಬೇರೆ.

ಕಾಗದದಲ್ಲಿಲ್ಲದ ಇನ್ನೊಂದು ಅನುಮತಿ ಉಂಟು. ಆ ತೀರದಲ್ಲಿ ಮೀನುಗಾರರಾದ ಮೊಗವೀರರ ದೋಣಿಗಳಿರುತ್ತವೆ, ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಜಾಗವಿರುತ್ತದೆ, ಮೀನು ಒಣಗಿಸುತ್ತಾರೆ. ನಮಗೆ ಮದುವೆ ಮಂಟಪ, ಅವರಿಗೆ ಕೆಲಸದ ಅಂಗಳ. ಒಮ್ಮೆ ನಾವು ಹೇಳದೆ ಕೇಳದೆ ಕುರ್ಚಿ ಹಾಕಿದ ಜಾಗಕ್ಕೇ ಬೆಳಿಗ್ಗೆ ಬಲೆ ಬಂತು, ಅವರು ಎಳೆದು ಮುಗಿಸುವವರೆಗೆ ನಾವೇ ಕಾದೆವು. ತಪ್ಪು ನಮ್ಮದು. ಈಗ ವಾರ ಮೊದಲೇ ಊರಿನ ಹಿರಿಯರನ್ನು ಕಂಡು ಮಾತಾಡುತ್ತೇವೆ, ಊಟಕ್ಕೂ ಕರೆಯುತ್ತೇವೆ.

ಛತ್ರದ ಬಾಡಿಗೆ ಉಳಿಯುತ್ತೆ, ಅಗ್ಗ ಆಗುತ್ತೆ ಅಲ್ವಾ?

ಇಲ್ಲ. ಛತ್ರದಲ್ಲಿ ಗೋಡೆ, ನೀರು, ಶೌಚಾಲಯ, ಕರೆಂಟು, ಪಾತ್ರೆ ಬಾಡಿಗೆಯೊಳಗೇ ಬರುತ್ತವೆ. ತೀರದಲ್ಲಿ ಅವೆಲ್ಲವನ್ನೂ ಗಾಡಿಯಲ್ಲಿ ತರಬೇಕು. ಮೇಲಾಗಿ, ಅಕಸ್ಮಾತ್ತಿಗೆಂದು ಹತ್ತಿರದಲ್ಲೊಂದು ಸಭಾಂಗಣವನ್ನು ಹೇಗೂ ಹಿಡಿದಿಟ್ಟಿರಬೇಕು. ಖರ್ಚು ಇಳಿಯುವುದು ಜನ ಇಳಿದಾಗ ಮಾತ್ರ. ಮಂಡ್ಯದ ಸಾವಿರ ಜನರ ಮದುವೆಯನ್ನು ಮರಳಿಗೆ ತರಬೇಡಿ. ನೂರೈವತ್ತು ಜನರನ್ನು ಕರೆತಂದು, ಉಳಿದವರಿಗೆ ಊರಿನಲ್ಲೇ ಆರತಕ್ಷತೆ ಇಡಿ.

## ಶಾಸ್ತ್ರ, ಊಟ, ಕರೆಯೋಲೆ

ರೋಸ್ ಅಂದ್ರೆ ಏನು? ನಮ್ಮ ಕಡೆಯವರು ಕೇಳ್ತಿದ್ದಾರೆ

ಕೊಂಕಣಿ ಕೆಥೊಲಿಕರಲ್ಲಿ ಮದುವೆಯ ಹಿಂದಿನ ದಿನ ಮಾಡುವ ಶಾಸ್ತ್ರ. ರೋಸ್ ಅಂದರೆ ತೆಂಗಿನಕಾಯಿಯ ರಸ, ತೆಂಗಿನ ಹಾಲು. ಮದುಮಗಳನ್ನೋ ಮದುಮಗನನ್ನೋ ಕೂರಿಸಿ ಹಿರಿಯರು ಒಬ್ಬೊಬ್ಬರಾಗಿ ಶಿಲುಬೆಯ ಗುರುತು ಹಾಕಿ ತೆಂಗಿನೆಣ್ಣೆ, ತೆಂಗಿನ ಹಾಲು ಹಚ್ಚುತ್ತಾರೆ. ಹೆಂಗಸರು ವೋವಿಯೊ ಹಾಡುತ್ತಾರೆ. ಅರಿಶಿನ ಎಣ್ಣೆ ಶಾಸ್ತ್ರ, ಸೋಬಾನೆ ಹಾಡು ಕಂಡ ಮೈಸೂರು ಕಡೆಯ ಹೆಂಗಸರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಒಂದು ಸಲ ನೋಡಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಮುಂದೆ ಬರುತ್ತಾರೆ.

ನಾನು ಎರಡು ಸಂಸ್ಕೃತಿಯನ್ನು ಬೆಸೆಯಲು ಮೊದಲು ಹಿಡಿಯುವುದು ಇದನ್ನೇ. ಸಂಜೆ ನಾಲ್ಕೂವರೆಗೆ ತೆಂಗಿನ ತೋಟದಲ್ಲಿ, ತೀರದ ಪಕ್ಕದಲ್ಲಿ, ಎರಡು ಮಣೆ. ಒಂದರಲ್ಲಿ ಅರಿಶಿನ, ಇನ್ನೊಂದರಲ್ಲಿ ರೋಸ್. ಬಟ್ಟಲು ಬೇರೆ, ಹಾಡು ಬೇರೆ, ಹಚ್ಚುವ ಕೈಗಳು ಮಾತ್ರ ಎರಡೂ ಮನೆಯವು. ಆಮೇಲೆ ಮೈ ತೊಳೆಯಲು ಸಿಹಿನೀರಿನ ವ್ಯವಸ್ಥೆ ಇರಲಿ. ‘ಕಡಲಿದೆಯಲ್ಲ’ ಅಂದವರು ಉಪ್ಪುನೀರಿಗೆ ತುರಿಸಿಕೊಂಡು ರಾತ್ರಿ ಕಳೆದದ್ದು ಗೊತ್ತು.

ಹೀಗೆ ಎರಡೂ ಕಡೆ ಹೋಲುವ ಶಾಸ್ತ್ರಗಳು ಇನ್ನೂ ಇವೆ. ಹೆಣ್ಣು ಒಪ್ಪಿಸುವುದಕ್ಕೆ ಕೊಂಕಣಿಯಲ್ಲಿ ‘ಒಪ್ಸುನ್ ದಿಂವ್ಚೆಂ’ ಅನ್ನುತ್ತಾರೆ, ಕಿವಿಗೆ ಕನ್ನಡದ ‘ಒಪ್ಪಿಸು’ ಎಂದೇ ಕೇಳಿಸುತ್ತದೆ. ಗಂಡಿನ ಮನೆಯವರು ಕೊಡುವ ಕೆಂಪು ಸೀರೆ ಅವರಲ್ಲಿ ‘ಸಾಡೊ’, ನಮ್ಮಲ್ಲಿ ಧಾರೆ ಸೀರೆ. ಹೂವಿನಲ್ಲೂ ಜೋಡಿ ಮಾಡಬಹುದು. ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರ ಮಲ್ಲಿಗೆ, ಎರಡಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಎರಡನ್ನೂ ಸೇರಿಸಿ ಹಾರ ಕಟ್ಟಿಸಿ. ಶಂಕರಪುರದ್ದು ಅಟ್ಟೆ ಅನ್ನುವ ಅಳತೆಯ ಲೆಕ್ಕದಲ್ಲಿ ಮಾರಾಟ, ದರ ದಿನದಿನಕ್ಕೂ ಬೇರೆ, ಮದುವೆ ಸೀಸನ್ನಿನಲ್ಲಿ ಏರುವುದೇ ಹೆಚ್ಚು. ಮುಂಗಡ ಹೇಳಿಡಿ.

ಫಾದರ್ ಬೀಚಿಗೇ ಬಂದು ಮದುವೆ ಮಾಡಿಸ್ತಾರಾ?

ಬರುವುದಿಲ್ಲ ಅಂದುಕೊಂಡೇ ಯೋಜನೆ ಹಾಕಿ. ಕೆಥೊಲಿಕ ಸಭೆಯ ಕಾನೂನಿನಲ್ಲಿ ಇಬ್ಬರೂ ಕೆಥೊಲಿಕರಾದರೆ ಮದುವೆಯ ಜಾಗ ಚರ್ಚು. ಒಬ್ಬರು ಕ್ರೈಸ್ತರಲ್ಲದಿದ್ದರೆ ಯೋಗ್ಯವಾದ ಬೇರೆ ಜಾಗವೂ ಆದೀತು ಎಂದಿದೆ, ಆದರೆ ಕಡಲ ತೀರವನ್ನು ಅಂಥ ಜಾಗವೆಂದು ಒಪ್ಪಿಕೊಳ್ಳುವವರು ಕಡಿಮೆ. ಚರ್ಚಿನಲ್ಲಿ ಬೆಳಗಿನ ಮದುವೆ, ಸಂಜೆ ತೀರದಲ್ಲಿ ಕೇಕು, ಟೋಸ್ಟು, ಬ್ರಾಸ್ ಬ್ಯಾಂಡು. ಇದೇ ಚೆನ್ನಾಗಿ ಕೂರುತ್ತದೆ.

ಕ್ರೈಸ್ತರಲ್ಲದವರನ್ನು ಮದುವೆಯಾಗಲು ಕೆಥೊಲಿಕರಿಗೆ ಬಿಷಪರ ವಿಶೇಷ ಅನುಮತಿ ಬೇಕು, ಅದು ಪ್ಯಾರಿಷಿನ, ಅಂದರೆ ಅವರ ಊರಿನ ಚರ್ಚಿನ, ಫಾದರ್ ಮೂಲಕ ಹೋಗುತ್ತದೆ. ಮದುವೆ ಪೂರ್ವ ತರಬೇತಿ, ಜ್ಞಾನಸ್ನಾನದ ಪತ್ರ, ಚರ್ಚಿನಲ್ಲಿ ಓದುವ ಪ್ರಕಟಣೆ ಎಲ್ಲ ಸೇರಿ ಆರು ತಿಂಗಳ ಹಿಂದೆಯೇ ಹೋಗಿ ಕೂತರೆ ಆರಾಮ. ಮಕ್ಕಳನ್ನು ಕೆಥೊಲಿಕರಾಗಿ ಬೆಳೆಸಲು ಆದಷ್ಟು ಪ್ರಯತ್ನಿಸುತ್ತೇನೆಂಬ ಮಾತನ್ನು ಕೆಥೊಲಿಕ ಸಂಗಾತಿ ಕೊಡಬೇಕು. ಇನ್ನೊಬ್ಬರು ಮಾತು ಕೊಡಬೇಕಿಲ್ಲ, ಆದರೆ ಅವರಿಗೆ ಅದು ತಿಳಿದಿರಬೇಕು. ಈ ವಿಷಯವನ್ನು ಫಾದರ್ ಕೋಣೆಯಲ್ಲಿ ಮೊದಲ ಸಲ ಕೇಳಿ ಮುಖ ಬಿಳಿಚಿಕೊಂಡ ಹುಡುಗರನ್ನು ನೋಡಿದ್ದೇನೆ. ಮನೆಯಲ್ಲೇ ಇಬ್ಬರೂ ಮಾತಾಡಿಕೊಂಡು ಹೋಗಿ.

ಬೆಳಿಗ್ಗೆ ಚರ್ಚು, ಮಧ್ಯಾಹ್ನ ಧಾರೆ, ಒಂದೇ ದಿನ ಮುಗಿಸಬಹುದಾ?

ಮೈಗೆ ಆಗುತ್ತದೆ, ಚರ್ಚಿನ ಕಾನೂನಿಗೆ ಆಗುವುದಿಲ್ಲ. ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಚರ್ಚಿನಲ್ಲಿ ಮದುವೆಯಾದವರು ಅದಕ್ಕೆ ಮೊದಲಾಗಲಿ ಆಮೇಲಾಗಲಿ ಮತ್ತೊಂದು ಧಾರ್ಮಿಕ ವಿಧಿಯಲ್ಲಿ ಮದುವೆಯ ಒಪ್ಪಿಗೆಯನ್ನು ಕೊಡುವಂತಿಲ್ಲ, ನವೀಕರಿಸುವಂತಿಲ್ಲ ಎಂದು ಕೆಥೊಲಿಕ ಸಭೆಯ 1983ರ ಕಾನೂನು ಸಂಹಿತೆಯ 1127ನೇ ವಿಧಿ ಹೇಳುತ್ತದೆ. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ನಮ್ಮಲ್ಲಿ ಮದುವೆಯೇ, ಅಲಂಕಾರವಲ್ಲ. ಫಾದರಿಗೆ ಹೇಳದೆ ಮುಗಿಸಿಬಿಡೋಣ ಅನ್ನುವವರಿದ್ದಾರೆ. ಆಮೇಲೆ ತಿಳಿದಾಗ ಮುಜುಗರ ಆಗುವುದು ನಿಮಗಲ್ಲ, ಅದೇ ಚರ್ಚಿಗೆ ಪ್ರತಿ ಭಾನುವಾರ ಹೋಗುವ ತಂದೆತಾಯಿಗೆ.

ದಾರಿ ಎರಡು. ಚರ್ಚಿನ ಮದುವೆಯೇ ಮದುವೆ ಎಂದು ಒಪ್ಪಿ, ಹಿಂದೂ ಕಡೆಯಿಂದ ಅರಿಶಿನ, ಆರತಿ, ಮಡಿಲು ತುಂಬುವುದು, ಹಾರ ಬದಲಾಯಿಸುವುದು, ಓಲಗ, ಹಿರಿಯರ ಆಶೀರ್ವಾದ ಇಟ್ಟುಕೊಳ್ಳುವುದು ಒಂದು. ತಾಳಿಯ ಮಾತನ್ನು ಫಾದರ್ ಬಳಿ ಎತ್ತಲು ಹಿಂಜರಿಯಬೇಡಿ. ತಮಿಳು ಕೆಥೊಲಿಕರಲ್ಲಿ ತಾಳಿ, ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಮಿನ್ನು ಕಟ್ಟುವುದು ಚರ್ಚಿನೊಳಗೇ ನಡೆಯುತ್ತದೆ, ಕೇಳಿದರೆ ತಪ್ಪಿಲ್ಲ. ಇನ್ನೊಂದು, ಧಾರೆಯೇ ಆಗಬೇಕೆಂದು ಮನೆ ಹಟ ಹಿಡಿದರೆ, ರಿಜಿಸ್ಟರ್ ಮದುವೆಯ ಮೇಲೆ ಧಾರೆ ಎರೆಯುವುದು. ಆಗ ಚರ್ಚಿನ ವಿಧಿ ಇಲ್ಲ ಎಂದು ಕೆಥೊಲಿಕ ಮನೆ ಒಪ್ಪಬೇಕು. ಯಾರು ಏನನ್ನು ಬಿಟ್ಟುಕೊಡುತ್ತಾರೆಂದು ಮೊದಲೇ ಸ್ಪಷ್ಟವಾಗಿದ್ದ ಮದುವೆಗಳು ಸರಾಗವಾಗಿ ನಡೆದಿವೆ. ಎಲ್ಲವನ್ನೂ ಸ್ವಲ್ಪಸ್ವಲ್ಪ ಕಲಸಿದ ಮದುವೆಗಳಲ್ಲಿ ಎರಡೂ ಕಡೆಯ ಹಿರಿಯರು ಮೂಲೆಯಲ್ಲಿ ಕೂತಿದ್ದರು.

ಮರಳ ಮೇಲೆ ಹೋಮ ಮಾಡಿದ್ರೆ ಗಾಳಿಗೆ ಬೆಂಕಿ ನಿಲ್ಲುತ್ತಾ?

ಬೆಳಿಗ್ಗೆಯಾದರೆ ನಿಲ್ಲುತ್ತದೆ. ರಾತ್ರಿ ತಂಪಾದ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುವ ಗಾಳಿ ಬೆಳಗಿನವರೆಗೂ ಇರುತ್ತದೆ. ನೆಲ ಕಾದಂತೆ, ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ತಿರುಗಿ ಒಳಗೆ ನುಗ್ಗುತ್ತದೆ, ಅದು ಜೋರು. ಒಂಬತ್ತರೊಳಗಿನ ಮುಹೂರ್ತ ಕೇಳಿ. ಇಟ್ಟಿಗೆಯ ಕುಂಡ, ಗಾಳಿ ಬರುವ ಬದಿಗೆ ಮೊಣಕಾಲೆತ್ತರದ ತಟ್ಟಿ, ಪಕ್ಕದಲ್ಲಿ ಎರಡು ಬಕೆಟ್ ಮರಳು.

ನಮ್ಮ ಕರಾವಳಿಯ ಒಂದು ಅದೃಷ್ಟ ಇಲ್ಲಿದೆ. ವಧೂವರರು ಪೂರ್ವಕ್ಕೆ ಮುಖಮಾಡಿ ಕೂತರೆ ಬೆನ್ನ ಹಿಂದೆ ಕಡಲು ತಾನಾಗಿ ಬರುತ್ತದೆ, ಬೆಳಗಿನ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. ಪುರೋಹಿತರೂ ಫೋಟೋಗ್ರಾಫರೂ ಜಗಳವಾಡದ ಏಕೈಕ ಮಂಟಪ ಇದು. ಸಂಜೆ ಹಾಗಲ್ಲ, ಬೆನ್ನ ಹಿಂದೆ ಸೂರ್ಯನಿದ್ದು ಮುಖ ಕಪ್ಪಾಗುತ್ತದೆ. ಟೋಸ್ಟಿನ ವೇದಿಕೆಯನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿ. ಜನವರಿ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6.30ಕ್ಕೆ.

ಊಟ? ಅವರು ಪೋರ್ಕ್ ಇಡ್ತಾರಂತೆ, ನಮ್ಮಮ್ಮ ಊಟಾನೇ ಮಾಡಲ್ಲ ಅಂತಾರೆ

ಎರಡು ಅಡುಗೆಮನೆ, ಎರಡು ಬಾಣಸಿಗರು, ಎರಡು ಹೊತ್ತು. ಮುಹೂರ್ತದ ಬಾಳೆಲೆ ಊಟ ಪೂರ್ತಿ ಸಸ್ಯಾಹಾರ. ಸಂಜೆಯ ಪಾರ್ಟಿಯಲ್ಲಿ ಇಡ್ಲಿಯಂಥ ಸಾನ್ನಾ, ದುಕ್ರಾಮಾಸ್ ಅನ್ನುವ ಹಂದಿಮಾಂಸದ ಅಡುಗೆ, ಮೀನು, ಅದರ ಸಾಲೇ ಬೇರೆ, ಎದುರಿಗೆ ಹೆಸರಿನ ಚೀಟಿ. ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ಮಾರನೆಯ ದಿನ ಬೀಗರ ಊಟ ಇದ್ದೇ ಇದೆ. ಮಟನ್, ಮುದ್ದೆ. ಅದನ್ನು ಇಲ್ಲೇ ಇಟ್ಟುಬಿಡಿ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಒಬ್ಬ ಮಾವ ಕೊಂಕಣಿ ಬೀಗರಿಗೆ ಕಲಿಸಲು ಕೂತರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಮರಳ ಮೇಲೆ ಮಾತ್ರ ಊಟ ಬಡಿಸಬೇಡಿ. ಒಂದು ಗಾಳಿ ಬೀಸಿದರೆ ಅನ್ನ ಕರಕರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ನಿಶ್ಚಿತಾರ್ಥ ಇಟ್ಟುಕೊಂಡವರು ಅಂಜಲ್ ಮೀನಿನ ಆಸೆ ಬಿಡಿ.

ಕರೆಯೋಲೆ ಇಂಗ್ಲಿಷಲ್ಲಿ ಮಾಡಿಸಿದ್ರೆ ಎಲ್ಲರಿಗೂ ಆಗುತ್ತಲ್ಲ?

ಯಾಕೆ? ಮಂಗಳೂರು ಕಡೆಯ ಕೆಥೊಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಎಡಪುಟ ಕನ್ನಡ, ಬಲಪುಟ ಕೊಂಕಣಿ, ಒಂದೇ ಅಕ್ಷರ. ಹಾಸನದ ಅಜ್ಜ ಬಲಪುಟವನ್ನೂ ಜೋರಾಗಿ ಓದಿ ಅರ್ಧ ಅರ್ಥಮಾಡಿಕೊಂಡು ನಕ್ಕದ್ದನ್ನು ನೋಡಿದ್ದೇನೆ.

## ಕಡಲನ್ನು ಲೆಕ್ಕಕ್ಕೆ ಹಿಡಿಯುವುದು

ಹಿಂದಿನ ದಿನ ನೋಡಿದಾಗ ತುಂಬಾ ಜಾಗ ಇತ್ತು. ಅಷ್ಟು ಸಾಕಲ್ವಾ?

ಹಿಂದಿನ ದಿನ ನೀವು ನೋಡಿದ್ದು ಇಳಿತದ ಹೊತ್ತಿರಬಹುದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ. ಹುಣ್ಣಿಮೆಯ ಬೆಳದಿಂಗಳಲ್ಲಿ ಪಾರ್ಟಿ ಬೇಕು ಅನ್ನುವವರು ಇದನ್ನು ಮರೆಯುತ್ತಾರೆ. ಒಣಗಿದ ಪಾಚಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ಹುಡುಕಿ, ನೀರು ಅಲ್ಲಿಯವರೆಗೆ ಬಂದಿತ್ತು. ಮಂಟಪ ಅದಕ್ಕಿಂತ ಹತ್ತು ಹೆಜ್ಜೆ ಮೇಲಿರಲಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಮದುವೆ ವಾರವಿಡೀ ಅದನ್ನು ನೋಡುವ ಕೆಲಸ ಒಬ್ಬರಿಗೆ ವಹಿಸಿ.

ವಯಸ್ಸಾದವರು ಮರಳಲ್ಲಿ ಹೇಗೆ ನಡೀತಾರೆ?

ನಡೆಯುವುದಿಲ್ಲ. ರಸ್ತೆಯಿಂದ ಮಂಟಪದವರೆಗೆ ಪ್ಲೈವುಡ್ ಹಾಸಿ, ಮೇಲೆ ತೆಂಗಿನ ನಾರಿನ ಚಾಪೆ. ಕುರ್ಚಿಯ ಕಾಲು ಹೂತುಹೋಗದಂತೆ ಅಡಿಗೂ ಹಲಗೆ. ಗಾಲಿಕುರ್ಚಿ ಬರುವಷ್ಟು ಅಗಲ ಬಿಡಿ. ಚಪ್ಪಲಿ ಬಿಡುವ ಜಾಗದಲ್ಲಿ ಒಬ್ಬ ಹುಡುಗ ಕಾಲಿಗೆ ನೀರು ಹಾಕಲು ನಿಂತಿರಲಿ, ಎರಡೂ ಕಡೆಯವರಿಗೆ ಅದು ಮರ್ಯಾದೆಯಾಗಿಯೇ ಕಾಣುತ್ತದೆ.

ಲೇಸರ್ ಲೈಟು, ಆಕಾಶದೀಪ, ಡ್ರೋನ್ ಎಲ್ಲಾ ಹಾಕಿಸಬಹುದಾ?

ಚಳಿಗಾಲದ ರಾತ್ರಿಗಳಲ್ಲಿ ಈ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾನೂನಿನಲ್ಲಿ ಅವಕ್ಕೆ ಹುಲಿಗಿರುವಷ್ಟೇ ರಕ್ಷಣೆ. ಕಡಲಿನತ್ತ ತಿರುಗಿಸಿದ ದೀಪ ತಾಯಿ ಆಮೆಯನ್ನೂ ಮರಿಗಳನ್ನೂ ದಾರಿ ತಪ್ಪಿಸುತ್ತದೆ. ದೀಪಗಳು ತಗ್ಗಿನಲ್ಲಿರಲಿ, ನೆಲದತ್ತ ಮುಖಮಾಡಿರಲಿ. ಹಾರುವ ಆಕಾಶದೀಪ ಬೇಡವೇ ಬೇಡ, ಅದು ಯಾರದೋ ಹಂಚಿನ ಮಾಡಿನ ಮೇಲೋ ಬಲೆಯ ಮೇಲೋ ಇಳಿಯುತ್ತದೆ. ಡ್ರೋನ್ ಹಾರಿಸುವವರು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಬರಲಿ. ಕಾರವಾರದಲ್ಲಿ ನೌಕಾನೆಲೆ ಇದೆ, ಅಲ್ಲಿ ಆಟ ಬೇಡ.

## ಕಾನೂನು, ಆಸ್ತಿ, ತಾರೀಖು

ಕಾನೂನು ಪ್ರಕಾರ ನಮ್ಮ ಮದುವೆ ಯಾವುದು? ಧಾರೆನಾ, ಚರ್ಚಾ, ರಿಜಿಸ್ಟರಾ?

ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರಾಗಿದ್ದರೆ ಬರೀ ಧಾರೆಯ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯಡಿ ನಿಲ್ಲುವುದಿಲ್ಲ, ಅದಕ್ಕೆ ಇಬ್ಬರೂ ಹಿಂದೂಗಳಾಗಿರಬೇಕು. ಚರ್ಚಿನ ಮದುವೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಬರುತ್ತದೆ, ಅಲ್ಲಿ ಒಬ್ಬರು ಕ್ರೈಸ್ತರಾದರೂ ಸಾಕು. ಯಾರ ಧರ್ಮವನ್ನೂ ಕೇಳದಿರುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ನೋಟಿಸ್ ಕೊಡಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿನಿಂದ. ಹಾಗಾಗಿ ಸಮಾರಂಭಕ್ಕೆ ಎರಡು ತಿಂಗಳು ಮೊದಲು ನೋಟಿಸ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ವಿವಾಹಾಧಿಕಾರಿ ಹೆಚ್ಚಿನ ಶುಲ್ಕ ಪಡೆದು ಕಚೇರಿಯ ಹೊರಗೂ ಮದುವೆ ಮಾಡಿಸಬಹುದೆಂದು ಕಾಯ್ದೆಯಲ್ಲಿದೆ. ಆದರೂ ಅವರು ಮರಳಿಗೆ ಬರುತ್ತಾರೆಂದು ನಂಬಿ ಕಾರ್ಡು ಅಚ್ಚು ಹಾಕಿಸಬೇಡಿ.

ನಾವಿಬ್ಬರೂ ದುಬೈನಲ್ಲಿದ್ದೀವಿ. ಹತ್ತು ದಿನ ರಜೆ ಸಿಗುತ್ತೆ ಅಷ್ಟೆ

ಹತ್ತು ದಿನದಲ್ಲಿ ವಿಶೇಷ ವಿವಾಹ ಕಾಯ್ದೆಯ ಮದುವೆ ಆಗದು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಮೊದಲು ಕನಿಷ್ಠ 30 ದಿನ ವಾಸವಿದ್ದಿರಬೇಕು. ಅಪ್ಪ ಅಮ್ಮನ ಮನೆ ಅಲ್ಲಿದೆ ಅನ್ನುವುದು ಸಾಲದು. ರಿಸೆಪ್ಷನ್ ಇಟ್ಟುಕೊಂಡ ಬೀಚಿನ ಜಿಲ್ಲೆಯೇ ಆಗಬೇಕೆಂದಿಲ್ಲ. ಚರ್ಚಿನ ಮದುವೆಯನ್ನೇ ಆರಿಸಿದವರಿಗೆ ಈ ತೊಡಕಿಲ್ಲ, ಅವರು ಫಾದರಿಗೆ ಬೇಕಾದ ಕಾಗದಗಳನ್ನು ದುಬೈನ ಪ್ಯಾರಿಷಿನಿಂದ ತರಿಸಿದರೆ ಆಯಿತು.

ನಮ್ಮದು ಅವಿಭಕ್ತ ಕುಟುಂಬ, ಜಮೀನಿದೆ. ಏನಾದ್ರೂ ವ್ಯತ್ಯಾಸ ಆಗುತ್ತಾ?

ಆಗುತ್ತದೆ, ಇದನ್ನು ಕೇಳುವವರು ತೀರಾ ಕಡಿಮೆ. ಹಿಂದೂ ಅವಿಭಕ್ತ ಕುಟುಂಬದವರು ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ, 19ನೇ ಸೆಕ್ಷನ್ನಿನ ಪ್ರಕಾರ ಆ ಕುಟುಂಬದಿಂದ ಬೇರೆಯಾದಂತೆ. 21ನೇ ಸೆಕ್ಷನ್ನಿನ ಪ್ರಕಾರ ಅವರ ಆಸ್ತಿಯ ವಾರಸುದಾರಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಬೇರೆಯಾದಂತೆ ಅಂದರೆ ಪಾಲು ಹೋಯಿತು ಅಂತಲ್ಲ. ಜಮೀನಿನ ಕಾಗದ ಹಿಡಿದು ಒಬ್ಬ ವಕೀಲರ ಬಳಿ ಒಂದು ಗಂಟೆ ಕೂತು ಬನ್ನಿ. ಹೂವಿನ ಅಲಂಕಾರಕ್ಕೆ ನೀವು ಕೊಡುವುದರ ಮುಂದೆ ಅವರ ಫೀಸು ಏನೂ ಅಲ್ಲ.

ರಿಜಿಸ್ಟರ್ ಒಂದು ದಿನ, ಧಾರೆ ಒಂದು ದಿನ. ವಾರ್ಷಿಕೋತ್ಸವ ಯಾವತ್ತು?

ಪಾಸ್‌ಪೋರ್ಟ್, ವೀಸಾ, ಬ್ಯಾಂಕು ಎಲ್ಲ ಕಡೆ ಪ್ರಮಾಣಪತ್ರದ ತಾರೀಖನ್ನೇ ಬರೆಯಿರಿ, ಎರಡು ತಾರೀಖು ಬರೆದವರು ಅಫಿಡವಿಟ್ಟಿಗೆ ಓಡಾಡಿದ್ದಾರೆ. ಕೇಕಿಗೆ ಅಂಥ ನಿಯಮವಿಲ್ಲ. ನನಗೆ ಗೊತ್ತಿರುವ ಒಂದು ಜೋಡಿ ಎರಡೂ ದಿನ ಆಚರಿಸುತ್ತದೆ, ಒಂದು ದಿನ ಅವಳ ಅಮ್ಮನ ಮನೆಯಲ್ಲಿ ಸಾನ್ನಾ, ಇನ್ನೊಂದು ದಿನ ಅವನ ಅಮ್ಮನ ಮನೆಯಲ್ಲಿ ಹೋಳಿಗೆ.